ದೂರದವರೂ ಅಷ್ಟೇ ದೊಡ್ಡವರು

ಕರೋನಾ ಬಂದು ಬಸ್ಸುಗಳೆಲ್ಲ ಡಿಪೋದಲ್ಲೇ ನಿಂತ ಆ ಬೇಸಿಗೆಯಲ್ಲಿ ಬಸ್ ಡ್ರೈವರ್ ಕೋನಪ್ಪನಿಗೆ ಮನೆಯಲ್ಲಿ ಕೂರುವುದು ಹೇಗೆಂದೇ ಗೊತ್ತಾಗಲಿಲ್ಲ. ಮದುವೆಯಾದಂದಿನಿಂದ ಅವನ ಹೆಂಡತಿ ಸುಬ್ಬಲಕ್ಷ್ಮಮ್ಮ ಗಂಡನನ್ನು ಹಗಲುಹೊತ್ತು ಮನೆಯಲ್ಲಿ ಕಂಡವಳೇ ಅಲ್ಲ. ಚಿಂತಾಮಣಿಯಲ್ಲಿ ಬಸ್ಸು ಹತ್ತಿ ಕೂತರೆ ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಮಂಚೇನಹಳ್ಳಿ ದಾಟಿ ಗೌರಿಬಿದನೂರು ಮುಟ್ಟುವುದು, ಮತ್ತೆ ಅದೇ ದಾರಿಯಲ್ಲಿ ಹಿಂದಿರುಗುವುದು, ಇದೇ ಅವನ ಜೀವನವಾಗಿತ್ತು. ಈಗ ನೋಡಿದರೆ ಬೆಳಿಗ್ಗೆ ಎದ್ದು ತಮ್ಮೂರ ಪಕ್ಕದ ಪೆರೇಸಂದ್ರದ ಹೈವೇವರೆಗೂ ನಡೆದು ಹೋಗುತ್ತಿದ್ದ, ಖಾಲಿ ರಸ್ತೆಯನ್ನು ನೋಡುತ್ತಿದ್ದ, ಪೊಲೀಸರು ಗದರಿಸಿದರೆ ವಾಪಸು ಬಂದು ಜಗಲಿಯ ಮೇಲೆ ಕೂರುತ್ತಿದ್ದ. ಕೂತಲ್ಲೇ ಬಲಗಾಲು ಬ್ರೇಕು ಒತ್ತುವ ಹಾಗೆ ಆಡುತ್ತಿತ್ತು.

ಮಗ ಉದಯಕುಮಾರ್ ತೋಟದ ಗೇಟಿಗೆ ಹೊಡೆದು ಮಿಕ್ಕಿಸಿದ ಬಣ್ಣದ ಡಬ್ಬಿಗಳು ದನದ ಕೊಟ್ಟಿಗೆಯಲ್ಲಿದ್ದವು. ಒಂದು ದಿನ ಕೋನಪ್ಪ ಅಲ್ಲೇ ಒರಗಿಸಿದ್ದ ಹಳೇ ಬಾಗಿಲೊಂದನ್ನು ಎರಡು ಕಲ್ಲಿನ ಮೇಲೆ ಮಲಗಿಸಿ ಬಣ್ಣ ಹಚ್ಚತೊಡಗಿದ. ಬಾಗಿಲಿಗೆ ಬಣ್ಣ ಹೊಡೆಯುತ್ತಿದ್ದಾನೆ, ಹೊತ್ತು ಹೋಗಲಿ ಪಾಪ ಎಂದುಕೊಂಡ ಸುಬ್ಬಲಕ್ಷ್ಮಮ್ಮ ಅತ್ತ ತಲೆಹಾಕಲಿಲ್ಲ. ಒಂದು ವಾರದ ಮೇಲೆ ಹೋಗಿ ನೋಡಿದರೆ ಬಾಗಿಲ ಮೇಲೆ ಊರೇ ಇತ್ತು.

ನಡುವೆ ಕಪ್ಪು ರಸ್ತೆಯೊಂದು ಏಣಿಯ ಹಾಗೆ ನೆಟ್ಟಗೆ ಮೇಲಕ್ಕೆ ಹತ್ತಿತ್ತು. ಕೆಳಗೆ ಕೆಂಪು ಬಸ್ಸು, ಅದರ ಒಂದೊಂದು ಕಿಟಕಿಯಲ್ಲೂ ಒಂದೊಂದು ಮುಖ. ಇಕ್ಕೆಲದಲ್ಲಿ ಹುಣಸೆಮರಗಳು, ಎಲೆ ಎಲೆಯನ್ನೂ ಬಿಡಿಬಿಡಿಯಾಗಿ ಬರೆದಿದ್ದ. ತುದಿಯಲ್ಲಿ ನಂದಿಬೆಟ್ಟ. ಬೆಟ್ಟದ ಬುಡದಲ್ಲಿ ತಲೆಯ ಮೇಲೆ ಸೊಪ್ಪಿನ ಗಂಟು ಹೊತ್ತು ನಿಂತ ಒಬ್ಬ ಹೆಂಗಸು. ಅವಳು ಬಸ್ಸಿನಷ್ಟೇ ಎತ್ತರವಿದ್ದಳು.

"ಏನ್ರೀ ಇದು? ಬೆಟ್ಟಕ್ಕಿಂತ ಈಯಮ್ಮನೇ ದೊಡ್ಡೋಳಾಗವ್ಳೆ!" ಅಂದಳು ಸುಬ್ಬಲಕ್ಷ್ಮಮ್ಮ.

"ಸೊಪ್ಪಿನ ಅಕ್ಕಯ್ಯಮ್ಮ ಕಣೇ ಅವ್ಳು. ಮಂಚೇನಹಳ್ಳೀಲಿ ದಿನಾ ಮೊದಲ್ನೇ ಬಸ್ಸು ಹತ್ತೋಳು. ಗಂಟು ಮೇಲಕ್ಕೆ ಹಾಕೋವರ್ಗೂ ಬಸ್ ಬಿಡ್ಬೇಡಪ್ಪಾ ಅಂತ ಕೂಗೋಳು."

"ಸರಿ, ಅಷ್ಟು ದೂರ ನಿಂತವ್ಳಲ್ಲ, ಚಿಕ್ಕದಾಗಿ ಬರೀಬೇಕಲ್ವಾ?"

ಕೋನಪ್ಪ ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿ ಹೆಂಡತಿಯ ಕಡೆ ನೋಡಿದ. "ನೀನು ನಿಮ್ಮಮ್ಮನ ಮನೆಗೆ ಹೋದ್ರೆ ಚಿಕ್ಕೋಳಾಗ್ಬಿಡ್ತೀಯಾ?"

ಅವಳು ಗೊಣಗಿಕೊಂಡು ಒಲೆಯ ಹತ್ತಿರ ಹೋದಳು.

ಮರುವರ್ಷ ಕೋನಪ್ಪ ನಿವೃತ್ತನಾದ. ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ಮರದಂಗಡಿಯಿಂದ ಪ್ಲೈವುಡ್ ತುಂಡುಗಳನ್ನು ತಂದು ಕೊಟ್ಟಿಗೆಯ ತುಂಬ ಪೇರಿಸಿದ. ಡ್ಯೂಟಿಗೆ ಹೋಗುವವನಂತೆ ಸ್ನಾನ ಮಾಡಿ, ತಿಂಡಿ ತಿಂದು, ಕೊಟ್ಟಿಗೆ ಸೇರಿದರೆ ಸಂಜೆಯವರೆಗೂ ಈಚೆ ಬರುತ್ತಿರಲಿಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ಬರೆದ. ರಾಶಿ ರಾಶಿ ರೇಷ್ಮೆಗೂಡಿನಲ್ಲಿ ಒಂದೊಂದು ಗೂಡಿಗೂ ಬೇರೆ ಬೇರೆ ಹಳದಿ ಕೊಟ್ಟ. ಮುರುಗಮಲ್ಲದ ದರ್ಗಾ ಬರೆದ, ಅದರ ಮುಂದೆ ಹರಕೆ ಹೊತ್ತು ಬಂದ ಜನವನ್ನೆಲ್ಲ ನೋಡುವವರ ಕಡೆಗೇ ಮುಖ ಮಾಡಿ ನಿಲ್ಲಿಸಿದ. ಒಂದೊಂದು ಚಿತ್ರದ ಕೆಳಗೂ ದಪ್ಪ ಅಕ್ಷರದಲ್ಲಿ "ಕೋನಪ್ಪ, ಚಿತ್ರಕಾರ" ಎಂದು ಬರೆಯುತ್ತಿದ್ದ.

ಚಿತ್ರಕಾರ ಎಂಬ ಆ ಮಾತು ಸುಬ್ಬಲಕ್ಷ್ಮಮ್ಮನಿಗೆ ಮುಜುಗರ ತರುತ್ತಿತ್ತು. ನೆಂಟರು ಬಂದರೆ ಕಾಫಿಗೆ ಮುಂಚೆ ಕೊಟ್ಟಿಗೆ ತೋರಿಸುತ್ತಿದ್ದ. ಯಾರದೋ ನಾಮಕರಣದಲ್ಲಿ ಗುರುತಿಲ್ಲದವರು "ಏನ್ ಕೆಲಸ ಯಜಮಾನ್ರೇ?" ಎಂದು ಕೇಳಿದರೆ "ಚಿತ್ರಕಾರ" ಎಂದೇ ಹೇಳಿಬಿಟ್ಟ. ಪಕ್ಕದಲ್ಲಿದ್ದ ಅವಳು ತಲೆಯೆತ್ತದೆ ಹೋಳಿಗೆ ಮುರಿದಳು. ಊರಿನವರು ಹಿಂದಿನಿಂದ ಆಡಿಕೊಳ್ಳುವುದು ಅವಳ ಕಿವಿಗೆ ಬೀಳುತ್ತಿತ್ತು. ಕೋನಪ್ಪನ ಬಸ್ಸು ಆಕಾಶಕ್ಕೇ ಹತ್ತುತ್ತಂತೆ, ಅಲ್ಲಿಗೆ ಟಿಕೆಟ್ಟು ಎಷ್ಟಂತೆ ಎಂದು ನಗುತ್ತಿದ್ದರು. ಅವನಿಗೆ ಹೇಳಿದರೆ, "ನಗ್ಲಿ ಬಿಡು. ನೋಡಿದ್ರು ತಾನೇ?" ಅನ್ನುತ್ತಿದ್ದ. ಸಿಟ್ಟೂ ಇಲ್ಲ, ಬೇಸರವೂ ಇಲ್ಲ. ತಾನು ದೊಡ್ಡ ಚಿತ್ರಕಾರ ಎಂಬುದರಲ್ಲಿ ಅವನಿಗೆ ಕಿಂಚಿತ್ತೂ ಅನುಮಾನವಿರಲಿಲ್ಲ.

ಗೌರಿಬಿದನೂರಿನ ಹೈಸ್ಕೂಲೊಂದರಲ್ಲಿ ನರೇಂದ್ರ ಎಂಬ ಡ್ರಾಯಿಂಗ್ ಮೇಷ್ಟ್ರು ಇದ್ದರು. ಹಿಂದೆ ಕೋನಪ್ಪನ ಬಸ್ಸಿನಲ್ಲೇ ಓಡಾಡುತ್ತಿದ್ದವರು. ಒಳ್ಳೆಯ ಮನುಷ್ಯ. ಒಂದು ಭಾನುವಾರ ಮನೆಗೆ ಬಂದು ಚಿತ್ರಗಳನ್ನೆಲ್ಲ ಸಮಾಧಾನವಾಗಿ ನೋಡಿದರು.

"ಬಣ್ಣ ಚೆನ್ನಾಗಿ ಕೂತಿದೆ ಕೋನಪ್ಪೋರೇ. ಆದ್ರೆ ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು ಅಂತ ಒಂದು ಲೆಕ್ಕ ಇರುತ್ತೆ. ಅದೊಂದು ಕಲ್ತುಬಿಟ್ರೆ ನಿಮ್ಮನ್ನ ಯಾರೂ ಒಂದು ಮಾತು ಅನ್ನೋ ಹಾಗಿರಲ್ಲ," ಎಂದು ಸ್ಕೇಲು ಇಟ್ಟು ಗೆರೆ ಎಳೆದು ತೋರಿಸಿದರು.

ಕೋನಪ್ಪ ಕಲಿಯುವುದಕ್ಕೆ ಹಿಂಜರಿಯಲಿಲ್ಲ. ಮೇಷ್ಟ್ರು ಹೇಳಿದ ಹಾಗೇ ಗೆರೆ ಹಾಕಿ ಮಂಚೇನಹಳ್ಳಿ ರಸ್ತೆಯನ್ನೇ ಮತ್ತೊಮ್ಮೆ ಬರೆದ. ಸುಬ್ಬಲಕ್ಷ್ಮಮ್ಮನಿಗೆ ಆ ಚಿತ್ರ ಹಿಡಿಸಿತು. ಕ್ಯಾಲೆಂಡರಿನಲ್ಲಿ ಇರುವ ಹಾಗೇ ಇತ್ತು. ರಸ್ತೆ ದೂರ ದೂರ ಹೋಗಿ ಸೂಜಿಯ ಮೊನೆಯಂತೆ ಮುಗಿಯುತ್ತಿತ್ತು. ಕೋನಪ್ಪ ಮಾತ್ರ ಅದರ ಮುಂದೆ ಕೂತೇ ಇದ್ದ. ಕೊನೆಗೆ ಹೆಂಡತಿಯನ್ನು ಕರೆದ.

"ಇಲ್ಲಿ ನೋಡೇ. ಅಕ್ಕಯ್ಯಮ್ಮ ಎಲ್ಲವ್ಳೆ ಹೇಳು."

ಅವಳು ಬಗ್ಗಿ ಹುಡುಕಿದಳು. ಬೆಟ್ಟದ ಬುಡದಲ್ಲಿ ಇರುವೆಯಂಥ ಒಂದು ಚುಕ್ಕೆ ಕಂಡಿತು.

"ಇದಾ?"

"ಅದೇ. ಮೂಗುತಿ ಕಾಣುತ್ತಾ? ಹಣೆ ಮೇಲಿನ ಹಚ್ಚೆ ಕಾಣುತ್ತಾ? ಅವ್ಳು ಸತ್ತು ವರ್ಷ ಆಗ್ತಾ ಬಂತು. ಹೋಗ್ಲಿ, ನಾನಾದ್ರೂ ನೆಪ್ಪಲ್ಲಿ ಇಟ್ಕೊಳಣ ಅಂದ್ರೆ, ಚುಕ್ಕೆ ಇಟ್ಟು ಕೈ ತೊಳ್ಕೋ ಅಂತಾರೆ ಮೇಷ್ಟ್ರು."

ಅಕ್ಕಯ್ಯಮ್ಮ ಕರೋನಾದ ಎರಡನೆಯ ಅಲೆಯಲ್ಲಿ ತೀರಿಕೊಂಡಿದ್ದಳು. ಕೋನಪ್ಪ ಕರಣೆ ತಂದು ಹಸಿಯಾಗಿದ್ದ ಬಣ್ಣವನ್ನೆಲ್ಲ ಕೆರೆದು ತೆಗೆದ. ಮುಂದಿನ ಭಾನುವಾರ ಮೇಷ್ಟ್ರಿಗೆ, "ನಿಮ್ ಲೆಕ್ಕ ಸರಿಯಾಗೇ ಐತೆ ಸ್ವಾಮಿ. ನನ್ ಕೆಲಸಕ್ಕೆ ಬರಲ್ಲ ಅಷ್ಟೆ," ಅಂದ. ನರೇಂದ್ರ ಬೇಜಾರು ಮಾಡಿಕೊಳ್ಳಲಿಲ್ಲ. ಆಮೇಲೂ ಬರುತ್ತಿದ್ದರು, ತಿದ್ದಲು ಹೋಗುತ್ತಿರಲಿಲ್ಲ.

ಹೀಗಿರುವಾಗ ಮಂಚೇನಹಳ್ಳಿಯಲ್ಲಿ ಮುರಳಿಮೋಹನ್ ಎಂಬವನು ಹೊಸ ಛತ್ರ ಕಟ್ಟಿಸಿದ. ಸುಬ್ಬಲಕ್ಷ್ಮಮ್ಮನಿಗೆ ತೌರಿನ ಕಡೆಯಿಂದ ದೂರದ ಸಂಬಂಧಿ. ಊಟದ ಹಾಲ್‌ನ ಉದ್ದನೆಯ ಗೋಡೆಯ ಮೇಲೆ ನಮ್ಮ ಸೀಮೆಯ ಚಿತ್ರವಿರಬೇಕು ಎಂದು ಅವನಿಗೆ ಆಸೆ. ಬೆಂಗಳೂರಿನಿಂದ ಬರುತ್ತೇನೆಂದ ಕಲಾವಿದ ಕೈಕೊಟ್ಟ. ವಿಷಯ ಕಿವಿಗೆ ಬಿದ್ದದ್ದೇ ತಡ ಕೋನಪ್ಪ ಬಸ್ಸು ಹತ್ತಿ ಹೋದ.

"ಆ ಗೋಡೆ ನಂಗೆ ಬಿಡು ಮುರಳಿ. ನಿನ್ ಛತ್ರದ ಹೆಸರು ಈ ಗೋಡೆಯಿಂದಾನೇ ಹೇಳ್ಬೇಕು ಜನ, ಹಂಗೆ ಬರ್ದುಕೊಡ್ತೀನಿ."

ಮುರಳಿಮೋಹನ್ ಅವನ ಚಿತ್ರಗಳನ್ನು ನೋಡಿದವನಲ್ಲ. ಆಷಾಢವಾದ್ದರಿಂದ ಮದುವೆಗಳಿರಲಿಲ್ಲ, ಛತ್ರ ಖಾಲಿ. ಹಿರಿಯರು ಕೇಳುತ್ತಿದ್ದಾರೆ, ಇಲ್ಲ ಅನ್ನುವುದು ಹೇಗೆ ಎಂದು ಒಪ್ಪಿಕೊಂಡು ತಿರುಪತಿ, ಚೆನ್ನೈ ಎಂದು ತನ್ನ ಕೆಲಸಕ್ಕೆ ಹೊರಟುಹೋದ.

ಆ ಆಷಾಢವಿಡೀ ಕೋನಪ್ಪ ಗೋಡೆಗೆ ಕಟ್ಟಿದ ಸಾರುವೆಯ ಮೇಲೇ ಇದ್ದ. ಸುಬ್ಬಲಕ್ಷ್ಮಮ್ಮ ಆಗಾಗ ಮುದ್ದೆ, ಸೊಪ್ಪಿನ ಸಾರು ಕಟ್ಟಿಕೊಂಡು ಹೋಗಿ ಬರುತ್ತಿದ್ದಳು. ಹೋದಾಗಲೆಲ್ಲ ಗೋಡೆ ಬೆಳೆದಿರುತ್ತಿತ್ತು. ಎಡದ ಮೂಲೆಯಲ್ಲಿ ಚಿಂತಾಮಣಿಯ ಟೊಮೆಟೊ ಮಂಡಿ, ಬಲದ ತುದಿಯಲ್ಲಿ ಗೌರಿಬಿದನೂರಿನ ರೈಲು, ನಡುವೆ ರಸ್ತೆ, ರಸ್ತೆಯ ಉದ್ದಕ್ಕೂ ಜನ. ಬುಟ್ಟಿ ಹೊತ್ತವರು, ಕುರಿ ಹೊಡೆಯುವವರು, ಬುರ್ಖಾದ ಹೆಂಗಸರು, ಕಾಲೇಜಿನ ಹುಡುಗಿಯರು, ಕೈಯಲ್ಲಿ ಕೋಳಿ ಹಿಡಿದ ಒಬ್ಬ ತಾತ. ಒಬ್ಬರ ಮುಖ ಇನ್ನೊಬ್ಬರದ್ದಾಗಿರಲಿಲ್ಲ. ಅವರೆಲ್ಲರ ಭುಜದ ಮಟ್ಟಕ್ಕೆ ನಂದಿಬೆಟ್ಟ, ಸ್ಕಂದಗಿರಿಗಳು ನಿಂತಿದ್ದವು. ಮುದ್ದೆ ಮುರಿಯುತ್ತ ಕೋನಪ್ಪ ಒಬ್ಬೊಬ್ಬರ ಹೆಸರು ಹೇಳುತ್ತಿದ್ದ. ಹೆಸರು ಗೊತ್ತಿಲ್ಲದವರು ಹತ್ತುವ ಸ್ಟಾಪನ್ನಾದರೂ ಹೇಳುತ್ತಿದ್ದ. ಮೊದಮೊದಲು ಅವಳು ಹೂಂಗುಟ್ಟುತ್ತಿದ್ದಳು. ಬರಬರುತ್ತ ತಾನೇ ಕೇಳತೊಡಗಿದಳು. "ಈ ಹುಡುಗಿ ಯಾಕೆ ಅಳ್ತಾವ್ಳೆ?" "ಪರೀಕ್ಷೆಗೆ ಲೇಟಾಗಿತ್ತು. ಆವತ್ತು ಎಲ್ಲೂ ನಿಲ್ಲಿಸ್ದೆ ಓಡ್ಸಿದೆ ನೋಡು. ಪಾಸಾದ್ಲು."

ಶ್ರಾವಣದ ಮೊದಲ ಮದುವೆಗೆ ಎರಡು ದಿನವಿರುವಾಗ ಮುರಳಿಮೋಹನ್ ಬಂದ. ಅವಳೂ ಅಲ್ಲಿದ್ದಳು. ಅವನು ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ನಡೆದ. ಮುಖ ಸಪ್ಪಗಾಯಿತು.

"ಮಾವ, ಇದೇನಿದು? ಚಿಕ್ ಮಕ್ಳು ಬರ್ದಂಗೈತಲ್ಲ! ಬೆಟ್ಟ ಹಾಸಿಗೆ ಸುತ್ತಿಟ್ಟಂಗೆ ಐತೆ, ಜನ ನೋಡಿದ್ರೆ ದೈತ್ಯರು. ಬಂದ ಬೀಗರು ನಗಲ್ವಾ? ಒಂದ್ ಕೆಲಸ ಮಾಡಿ. ಮೇಷ್ಟ್ರನ್ನ ಕರೆಸ್ತೀನಿ. ಜನಾನೆಲ್ಲ ಸ್ವಲ್ಪ ಚಿಕ್ಕದು ಮಾಡ್ಸಿ, ಬೆಟ್ಟ ದೊಡ್ಡದು ಮಾಡ್ಸಿ, ನಡುವೆ ಒಂದು ಜೋಡಿ ನವಿಲು ಹಾಕ್ಸಣ."

"ನವಿಲು ನನ್ ಬಸ್ ಹತ್ಲಿಲ್ಲ," ಅಂದ ಕೋನಪ್ಪ.

"ತಮಾಷೆ ಅಲ್ಲ ಮಾವ."

"ನಂದೂ ತಮಾಷೆ ಅಲ್ಲ. ಗೋಡೆ ನಿಂದು. ಬೇಡ ಅಂದ್ರೆ ಸುಣ್ಣ ಹೊಡ್ಸು, ಒಂದ್ ಮಾತೂ ಆಡಲ್ಲ. ತಿದ್ದೋದು ಮಾತ್ರ ಆಗಲ್ಲ. ನಾನೂ ತಿದ್ದಲ್ಲ, ಬೇರೆಯೋರೂ ಕೈ ಇಡಂಗಿಲ್ಲ. ಇದ್ರ ಕೆಳಗೆ ನನ್ ಹೆಸರೈತೆ."

ಹೀಗೆಂದವನೇ ಬ್ರಷ್ಷುಗಳನ್ನು ತೊಳೆದು, ಒರೆಸಿ, ಚೀಲಕ್ಕೆ ಹಾಕಿಕೊಂಡು ಹೊರಟ. ಬೆನ್ನು ಸೆಟೆದೇ ಇತ್ತು. ಮುರಳಿಮೋಹನ್ ಪಕ್ಕದವನಿಗೆ, "ವಯಸ್ಸಾಯ್ತಲ್ಲ, ಒಂಚೂರು ಹುಚ್ಚು," ಎಂದು ಮೆಲ್ಲಗೆ ಹೇಳಿದ್ದು ಸುಬ್ಬಲಕ್ಷ್ಮಮ್ಮನಿಗೆ ಕೇಳಿಸಿತು. ಗಂಡನನ್ನು ನೋಡಿ ತಾನು ನಕ್ಕಿದ್ದುಂಟು, ರೇಗಿದ್ದುಂಟು. ಬೇರೆಯವರು ಅನ್ನುವುದು ಬೇರೆ ಮಾತು. ಬುತ್ತಿಯ ಪಾತ್ರೆ ಎತ್ತಿಕೊಂಡು ಅವಳೂ ಗಂಡನ ಹಿಂದೆಯೇ ಹೊರಟಳು.

ಸುಣ್ಣ ಹೊಡೆಯುವವರು ಮದುವೆಗೆ ಮುಂಚೆ ಬರಲಾಗುವುದಿಲ್ಲವೆಂದರು. ಮುರಳಿಮೋಹನ್ ಡೆಕೊರೇಷನ್‌ನವರಿಗೆ ಹೇಳಿ ಗೋಡೆಯುದ್ದಕ್ಕೂ ಗುಲಾಬಿ ಬಣ್ಣದ ಪರದೆ ಇಳಿಬಿಡಿಸಿದ. ಮದುವೆಯ ಹುಡುಗಿ ಇವರಿಗೂ ನೆಂಟಳೇ, ಹೋಗದಿರುವಂತಿರಲಿಲ್ಲ. ಕೋನಪ್ಪ ಇಸ್ತ್ರಿ ಮಾಡಿದ ಬಿಳಿ ಪಂಚೆ, ಶರ್ಟು ಹಾಕಿಕೊಂಡು ಮದುವಣಗಿತ್ತಿಯ ಮಾವನಂತೆ ಗತ್ತಿನಲ್ಲಿ ಬಂದ. ಧಾರೆ ಮುಗಿದು ಮೊದಲ ಪಂಕ್ತಿಗೆ ಕೂತರು. ಎದುರಿಗೇ ಆ ಪರದೆ.

ಎಲೆಗೆ ಕೋಸಂಬರಿ ಬಿತ್ತು, ಪಲ್ಯ ಬಿತ್ತು. ಕೋನಪ್ಪ ತಲೆಬಗ್ಗಿಸಿ ಊಟ ಮಾಡುತ್ತಿದ್ದ. ಯಾವತ್ತೂ ಊಟದ ಎಲೆಯ ಮುಂದೆ ನಾಲ್ಕು ಜನರನ್ನು ಮಾತಾಡಿಸದೆ ಇದ್ದವನಲ್ಲ. ಈವತ್ತು ಪಕ್ಕದವರು ಮಾತಾಡಿಸಿದರೂ ಹೂಂ ಎನ್ನುತ್ತಿದ್ದ ಅಷ್ಟೆ. ಸುಬ್ಬಲಕ್ಷ್ಮಮ್ಮ ಒಮ್ಮೆ ಗಂಡನನ್ನು ನೋಡಿದಳು, ಒಮ್ಮೆ ಪರದೆಯನ್ನು ನೋಡಿದಳು. ಆಮೇಲೆ ಎಂಜಲು ಕೈಯನ್ನು ಎಲೆಯ ಮೇಲೇ ತೊಳೆದು, ಎದ್ದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೆಟ್ಟಗೆ ಗೋಡೆಯ ಹತ್ತಿರ ಹೋದಳು. ಪರದೆಯ ಅಂಚನ್ನು ಹಿಡಿದು ಎಳೆದಳು. ಪಿನ್ನುಗಳು ಪಟಪಟನೆ ಕಿತ್ತುಬಂದವು. ಗುಲಾಬಿ ಬಟ್ಟೆ ಗೋಡೆಯುದ್ದಕ್ಕೂ ಜಾರಿ ನೆಲಕ್ಕೆ ಬಿತ್ತು.

"ಅತ್ತೆ, ಏನ್ ಮಾಡ್ತಿದೀರಿ?" ಎಂದು ಮುರಳಿಮೋಹನ್ ಓಡಿಬಂದ.

"ನಮ್ಮನೆಯವ್ರು ಆಷಾಢವೆಲ್ಲ ನಿಂತ್ಕಂಡು ಬರ್ದವ್ರೆ. ಜನ ನೋಡ್ಲಿ. ಚೆನ್ನಾಗಿಲ್ದಿದ್ರೆ ನೋಡಿದ್ಮೇಲೆ ಹೇಳ್ಲಿ," ಅಂದಳು ಗಟ್ಟಿಯಾಗಿ.

ಪಂಕ್ತಿಯಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಕಿಸಕ್ಕನೆ ನಕ್ಕರು. ಬೀಗರ ಕಡೆಯ ಯಾರೋ, "ಬೆಟ್ಟ ನೋಡ್ರೋ, ಇಡ್ಲಿ ಥರ," ಅಂದರು. ಸುಬ್ಬಲಕ್ಷ್ಮಮ್ಮ ಅಲ್ಲಾಡದೆ ನಿಂತಳು.

ಅಡುಗೆಯವರ ಕಡೆಯ ಹೆಂಗಸೊಬ್ಬಳು ಸಾರಿನ ಬಕೆಟ್ಟು ಹಿಡಿದು ಬಡಿಸುತ್ತ ಬರುತ್ತಿದ್ದವಳು ಗೋಡೆಯ ನಡುವಿಗೆ ಬಂದು ನಿಂತುಬಿಟ್ಟಳು. ಬಕೆಟ್ಟನ್ನು ನೆಲಕ್ಕಿಟ್ಟಳು.

"ಮಾ ಅಮ್ಮ!" ಎಂದು ತೆಲುಗಿನಲ್ಲಿ ಅಂದಳು. "ಇದಿ ಮಾ ಅಮ್ಮನೇ! ನಮ್ಮಮ್ಮ ಇವ್ಳು!"

ಅವಳು ಜ್ಯೋತಿಲಕ್ಷ್ಮಿ, ಸೊಪ್ಪಿನ ಅಕ್ಕಯ್ಯಮ್ಮನ ಮಗಳು. ಗೋಡೆಯಲ್ಲಿ ಅಕ್ಕಯ್ಯಮ್ಮ ಗಂಟು ಹೊತ್ತು, ಮೂಗುತಿ ಮಿನುಗಿಸಿಕೊಂಡು, ಬಸ್ಸು ಬಿಡಬೇಡವೆಂದು ಒಂದು ಕೈಯೆತ್ತಿ ನಿಂತಿದ್ದಳು.

"ಮನೇಲಿ ಅಮ್ಮಂದು ಆಧಾರ್ ಕಾರ್ಡಿನ ಫೋಟೋ ಬಿಟ್ರೆ ಒಂದೂ ಇಲ್ಲ," ಎಂದು ಜ್ಯೋತಿಲಕ್ಷ್ಮಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಅದ್ರಲ್ಲಿ ಕಳ್ಳೀನ ಹಿಡ್ಕಂಡು ಬಂದಂಗವ್ಳೆ. ನಮ್ಮಮ್ಮ ಹಂಗಿರ್ಲಿಲ್ಲ. ಹಿಂಗೇ ಇದ್ಲು. ಯಾರಪ್ಪಾ ಇದು ಬರ್ದೋರು?"

ಪಂಕ್ತಿಯಲ್ಲಿ ಎಂಜಲು ಕೈಯಲ್ಲೇ ಜನ ಏಳತೊಡಗಿದರು. "ಆ ಕೋಳಿ ತಾತ ನಮ್ ದೊಡ್ಡಪ್ಪ ಅಲ್ವೇನೋ?" "ಇದು ನೀನೇ ಕಣೇ, ಕಾಲೇಜಿಗೆ ಹೋಗೋವಾಗ ಇದೇ ಹಸಿರು ಬ್ಯಾಗು!" ಯಾರೂ ಬೆಟ್ಟದ ಮಾತೆತ್ತಲಿಲ್ಲ. ಎರಡನೆಯ ಪಂಕ್ತಿಗೆ ಕಾದಿದ್ದವರೂ ಒಳಗೆ ನುಗ್ಗಿ ಗೋಡೆಯ ಮುಂದೆ ತಮ್ಮವರನ್ನು ಹುಡುಕಿದರು. ಮದುಮಕ್ಕಳೇ ಬಂದು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಅಡುಗೆಯವರು ಅನ್ನ ಆರಿಹೋಯಿತೆಂದು ಕೂಗುತ್ತಲೇ ಇದ್ದರು.

ಇಷ್ಟೆಲ್ಲ ಆಗುವಾಗ ಕೋನಪ್ಪ ಏನು ಮಾಡುತ್ತಿದ್ದಾನೆಂದು ಸುಬ್ಬಲಕ್ಷ್ಮಮ್ಮ ತಿರುಗಿ ನೋಡಿದಳು. ಅವನು ಕೂತಲ್ಲಿಂದ ಎದ್ದಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು ನಿಧಾನವಾಗಿ ಪಾಯಸ ಉಣ್ಣುತ್ತಿದ್ದ, ಇದು ಹೀಗೇ ಆಗಬೇಕಿತ್ತು ಎನ್ನುವವನ ಹಾಗೆ. ಕಣ್ಣು ಮಾತ್ರ ಹೆಂಡತಿಯ ಮೇಲಿತ್ತು.

ಸಂಜೆ ಮುರಳಿಮೋಹನ್ ಗೋಡೆಯ ಮುಂದೆ ಅತ್ತಿತ್ತ ಓಡಾಡಿ ಕೊನೆಗೆ ಕೇಳಿದ. "ಮಾವ, ಇಷ್ಟ್ ಜನದಲ್ಲಿ ನಾನೆಲ್ಲಿದೀನಿ?"

"ನೀನಿಲ್ಲಪ್ಪ. ನೀನು ಮೊದಲಿಂದ ಬೈಕಲ್ಲಿ ಓಡಾಡ್ದೋನು."

"ಒಂದ್ ಮೂಲೇಲಿ ಹಾಕ್ಬೋದಲ್ವಾ?"

"ಒಂದಿನ ಬಸ್ಸಲ್ಲಿ ಬಾ. ನೋಡಣ," ಅಂದ ಕೋನಪ್ಪ. ಸುಣ್ಣದ ಮಾತು ಅಲ್ಲಿಗೆ ನಿಂತಿತು.

ಆ ಮದುವೆಯ ಫೋಟೋಗಳು ಫೋನಿನಿಂದ ಫೋನಿಗೆ ಹೋಗಿ ಎಲ್ಲೆಲ್ಲೋ ಸುತ್ತಿದವು. ದೀಪಾವಳಿಯ ಹೊತ್ತಿಗೆ ನರೇಂದ್ರ ಮೇಷ್ಟ್ರು ಸಂಘಮಿತ್ರ ಎಂಬಾಕೆಯನ್ನು ಮನೆಗೆ ಕರೆತಂದರು. ಬೆಂಗಳೂರಿನ ಕಲಾಶಾಲೆಯೊಂದರಲ್ಲಿ ಪಾಠ ಹೇಳುವವರು. ಗೋಡೆಯನ್ನು ಆಗಲೇ ನೋಡಿ ಬಂದಿದ್ದರು. ಕೊಟ್ಟಿಗೆಯಲ್ಲಿ ಒಂದೊಂದು ಹಲಗೆಯನ್ನೂ ಬೆಳಕಿಗೆ ಹಿಡಿದು ನೋಡಿದರು, ಮಧ್ಯಾಹ್ನದ ಊಟವನ್ನೂ ಅಲ್ಲೇ ಮಾಡಿದರು.

"ಫ್ರಾನ್ಸಲ್ಲಿ ನೂರು ವರ್ಷಕ್ಕೂ ಹಿಂದೆ ಒಬ್ಬರಿದ್ದರು ಕೋನಪ್ಪನವರೇ," ಎಂದರು ಆಕೆ. "ಪ್ಯಾರಿಸ್ ಊರಬಾಗಿಲಲ್ಲಿ ಸುಂಕ ವಸೂಲಿ ಮಾಡೋ ಕೆಲಸ. ಯಾವ ಗುರು ಹತ್ರಾನೂ ಕಲಿಯಲಿಲ್ಲ, ತಾವೇ ಬರೀತಾ ಹೋದರು." ಫೋನಿನಲ್ಲಿ ಚಿತ್ರ ತೋರಿಸಿದರು. ದಟ್ಟ ಕಾಡು, ಎಲೆಗಳ ನಡುವೆ ಹುಲಿ.

ಕೋನಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. "ಎಲೆ ಒಂದೊಂದೂ ಬರ್ದವ್ನೆ. ಮೋಸ ಮಾಡಿಲ್ಲ," ಅಂದ. "ಜನ ಏನಂದ್ರು?"

"ತುಂಬ ನಕ್ಕರು."

"ಅದುಕ್ಕೆ ಅವ್ನು?"

"ತಾನು ದೊಡ್ಡ ಚಿತ್ರಕಾರ ಅಂತಲೇ ಹೇಳಿಕೊಂಡು ಓಡಾಡಿದರು."

"ಸರಿಯಾಗೇ ಹೇಳವ್ನೆ," ಎಂದು ಕೋನಪ್ಪ ಫೋನನ್ನು ಹಿಂದಿರುಗಿಸಿದ.

ಮರುವರ್ಷ ಬೇಸಿಗೆಗೆ ಮುಂಚೆ ಬೆಂಗಳೂರಿನಲ್ಲಿ ಕೋನಪ್ಪನ ಚಿತ್ರಗಳ ಪ್ರದರ್ಶನವಾಯಿತು. ಬಿಳಿ ಗೋಡೆಗಳ ಮೇಲೆ ಕೊಟ್ಟಿಗೆಯ ಹಲಗೆಗಳು ದೀಪದ ಬೆಳಕಿನಲ್ಲಿ ಹಬ್ಬದಂತೆ ಕಾಣುತ್ತಿದ್ದವು. ಬಾಗಿಲಲ್ಲಿ ದೊಡ್ಡ ಬೋರ್ಡು. ಸುಬ್ಬಲಕ್ಷ್ಮಮ್ಮ ಅಕ್ಷರ ಕೂಡಿಸಿಕೊಂಡು ಓದಿದಳು. "ಕೋನಪ್ಪ, ಮುಗ್ಧ ಕಲಾವಿದ."

ಕೋನಪ್ಪ ಸಂಘಮಿತ್ರರನ್ನು ಕರೆದ. "ಮುಗ್ಧ ಅಂದ್ರೆ ಏನಮ್ಮ? ಏನೂ ಗೊತ್ತಿಲ್ದೋನು ಅಂತ ಅಲ್ವಾ?"

"ಹಾಗಲ್ಲ, ಅದು ಒಂದು ಪಂಥದ ಹೆಸರು. ಆ ಫ್ರಾನ್ಸಿನವರನ್ನೂ ಹಾಗೇ ಕರೀತಾರೆ."

"ಅವನ್ನ ಕೇಳಿದ್ರಾ? ಕೇಳಿರಲ್ಲ. ನನ್ನ ಕೇಳಿ. ನಂಗೆ ಗೊತ್ತಿದ್ದೇ ಹಂಗೆ ಬರ್ದಿದೀನಿ. ಅದನ್ನ ತೆಗೀರಮ್ಮ."

ಸಂಘಮಿತ್ರ ನಕ್ಕು, ತಾವೇ ಬಿಳಿ ಕಾಗದ ತಂದು ಆ ಮಾತಿನ ಮೇಲೆ ಅಂಟಿಸಿದರು. ಕೋನಪ್ಪ ಜೇಬಿನಿಂದ ಪೆನ್ನು ತೆಗೆದು ದಪ್ಪಗೆ "ಚಿತ್ರಕಾರ" ಎಂದು ಬರೆದ. ಈ ಸಲ ಸುಬ್ಬಲಕ್ಷ್ಮಮ್ಮ ತಲೆ ತಗ್ಗಿಸಲಿಲ್ಲ. ಸೆರಗು ಸರಿಮಾಡಿಕೊಂಡು ಬೋರ್ಡಿನ ಪಕ್ಕದಲ್ಲೇ ನಿಂತಳು. ನೋಡಲು ಬಂದ ಹೆಂಗಸೊಬ್ಬಳು, "ಇವರಿಗೆ ಯಾರಮ್ಮ ಕಲಿಸಿದ್ದು?" ಎಂದು ಕೇಳಿದಾಗ, "ಯಾರೂ ಇಲ್ಲ. ನಮ್ಮನೆಯವ್ರಿಗೆ ತಾನಾಗೇ ಬಂತು," ಅಂದಳು.

ವಾಪಸು ಬರುವಾಗ ಸಂಘಮಿತ್ರ ಕಾರು ಕೊಡಿಸುತ್ತೇನೆಂದರೂ ಕೋನಪ್ಪ ಬಸ್ಸೇ ಆಗಬೇಕೆಂದ. ಕಿಟಕಿಯ ಪಕ್ಕ ಅವನು, ಅವನ ಪಕ್ಕ ಅವಳು. ದೇವನಹಳ್ಳಿ ದಾಟಿದ ಮೇಲೆ ಬಸ್ಸು ಒಂದು ಕಡೆ ನಿಂತು ಹೊರಟಿತು. ಕೋನಪ್ಪ ಹಿಂದಕ್ಕೆ ತಿರುಗಿ ತಿರುಗಿ ನೋಡಿದ.

"ಥತ್, ಸರಿಯಾಗಿ ಕಾಣ್ಲಿಲ್ಲ. ಆ ಕಡ್ಲೇಕಾಯಿ ಮಾರೋನ ಹೆಗಲ ಮೇಲಿದ್ದ ಟವಲು ಯಾವ ಬಣ್ಣ ಕಣೇ? ಹಳದೀನಾ?"

"ಹಳದಿ ಅಲ್ಲ. ಅರಿಶಿನ. ಅಂಚು ಕೆಂಪು, ಒಂದು ಕಡೆ ಹರಿದಿತ್ತು," ಅಂದಳು ಸುಬ್ಬಲಕ್ಷ್ಮಮ್ಮ. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ತಾನು ಅದನ್ನೆಲ್ಲ ಯಾವಾಗ ನೋಡಿದೆ?

"ಹೂಂ," ಅಂದ ಕೋನಪ್ಪ, ಹೆಂಡತಿಯನ್ನು ಮೆಚ್ಚುಗೆಯಿಂದ ನೋಡುತ್ತ. "ಚೆನ್ನಾಗಿ ನೋಡಿದೀಯ."